ಭಟ್ಟಿ ಆರಿಸಿದವನು

"ಅಲ್ಲೇ ನಿಂತ್ಕೊಳ್ಳಿ," ಎಂದಳು ಹೆಂಡತಿ. "ಇನ್ನೊಂದು ಹೆಜ್ಜೆ ಮುಂದೆ ಇಟ್ರೆ ವಾಂತಿ ಮಾಡ್ಕೊಳ್ತೀನಿ."

ಬಿಸಿನೀರಿನ ಲೋಟ ಹಿಡಿದುಕೊಂಡು ಬೇಕರಿಯವನು ಹೊಸ್ತಿಲ ಮೇಲೆಯೇ ನಿಂತ. ಅವಳು ಮಂಚದ ಮೇಲೆ ಗೋಡೆಗೊರಗಿ ಕೂತು, ತಲೆಗೆ ಸುತ್ತಿದ ಹತ್ತಿಬಟ್ಟೆಯ ತುದಿಯನ್ನು ಮೂಗಿಗೆ ಒತ್ತಿ ಹಿಡಿದಿದ್ದಳು.

"ಎರಡು ಸಲ ಸ್ನಾನ ಮಾಡಿದ್ದೀನಿ ಕಣೇ. ಬಟ್ಟೆ ಸೋಪು ಹಾಕಿ ಉಜ್ಜಿದ್ದೀನಿ. ಚರ್ಮ ಕಿತ್ತು ಬಂತು."

"ಚರ್ಮ ಕಿತ್ತು ಬಂದಿರಬಹುದು, ವಾಸನೆ ಹೋಗಿಲ್ಲ. ನೀವು ಬಂದ್ರೆ ಭಟ್ಟಿಗೇ ಕಾಲು ಬಂದು ನಡ್ಕೊಂಡು ಬಂದ ಹಾಗಿದೆ."

ಅವನು ಲೋಟವನ್ನು ಮಗಳ ಕೈಗೆ ಕೊಟ್ಟು ಹಿಂದೆ ಸರಿದ. ಸಿಟ್ಟು ನೆತ್ತಿಗೇರಿತ್ತು. ಆದರೆ ಯಾರ ಮೇಲೆ ಹಾಯುವುದು? ಹಿತ್ತಿಲಿಗೆ ಹೋಗಿ ತೊಳೆಯುವ ಕಲ್ಲಿನ ಮೇಲಿದ್ದ ಸೋಪನ್ನು ಎತ್ತಿ ಗೋಡೆಗೆ ಎಸೆದ. ಅದು ಗೋಡೆಗೆ ಬಡಿದು ವಾಪಸು ಬಂದು ಅವನ ಕಾಲ ಬಳಿಯೇ ಬಿತ್ತು.

ಎದೆಯ ಗಡ್ಡೆ ತೆಗೆದ ಮೇಲೆ ಡಾಕ್ಟರು ಆರು ಸಲ ಕೀಮೋ ಎಂದಿದ್ದರು, ಮೂರು ವಾರಕ್ಕೊಂದು. ಮೊದಲನೆಯದು ಹೇಗೋ ಮುಗಿಯಿತು. ಎರಡನೆಯದಾದ ಮೇಲೆ ಅವಳ ಮೂಗಿಗೆ ಅದೇನಾಯಿತೋ, ಪಕ್ಕದ ಬೀದಿಯಲ್ಲಿ ಬಾಗಿಲಿಗೆ ಬಣ್ಣ ಹಚ್ಚಿದರೂ ತಿಳಿಯತೊಡಗಿತು. ಒಂದೊಂದೇ ವಾಸನೆ ಒಗ್ಗಿಕೊಂಡು ಹೋಯಿತು. ಒಗ್ಗದೆ ಉಳಿದದ್ದು ಒಂದೇ, ಬ್ರೆಡ್ಡಿನ ವಾಸನೆ. ಬೆಳಿಗ್ಗೆ ಶಾಲೆಗೆ ಹೋಗುವ ಮಕ್ಕಳು, ಕೆಲಸಕ್ಕೆ ಓಡುವ ಗುಮಾಸ್ತರು ಬೇಕರಿಯ ಮುಂದೆ ಬಂದಾಗ ಯಾವ ವಾಸನೆಗೆ ನಡಿಗೆ ನಿಧಾನಿಸುತ್ತಿದ್ದರೋ, ಅದೇ ವಾಸನೆ. ಇಪ್ಪತ್ತಮೂರು ವರ್ಷ ಹಿಟ್ಟು ನಾದಿ, ಭಟ್ಟಿಯ ಬಾಯಲ್ಲಿ ಬೆವರಿ, ಅದು ಅವನ ಉಗುರಿನ ಸಂದಿಗೂ ಕಿವಿಯ ಹಿಂದಕ್ಕೂ ಇಳಿದುಬಿಟ್ಟಿತ್ತು.

ಮೂರನೆಯ ಕೀಮೋಗೆ ಹೋದಾಗ ಅವನು ಅವಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಸೂಜಿ ಚುಚ್ಚುವುದಕ್ಕೂ ಮೊದಲೇ ಅವಳು ನರ್ಸಿನ ಏಪ್ರನ್ ಮೇಲೆ ವಾಂತಿ ಮಾಡಿಕೊಂಡಳು. ನರ್ಸು ಇವನ ಮೊಣಕೈ ಹಿಡಿದು ಕಾರಿಡಾರಿಗೆ ತಂದು ಬೆಂಚಿನ ಮೇಲೆ ಕೂರಿಸಿ, ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಪಕ್ಕದ ಕುರ್ಚಿಯಲ್ಲಿ ಹೆಂಡತಿಯ ತಮ್ಮ ಕೂತ. ಐದು ಗಂಟೆ ಹೊತ್ತು ಬೇಕರಿಯವನು ಆ ಬಾಗಿಲಿನ ದುಂಡನೆಯ ಗಾಜನ್ನು ನೋಡುತ್ತ ಕಳೆದ. ಅದರೊಳಗಿಂದ ಬಾಮೈದನ ಹಿಂದಲೆ ಮಾತ್ರ ಕಾಣುತ್ತಿತ್ತು.

ಇದು ಅವನನ್ನು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಚಿಕಿತ್ಸೆ ಶುರುವಾಗುವ ಹಿಂದಿನ ಭಾನುವಾರ ಪಾಸ್ಟರು ಗಂಡಹೆಂಡಿರಿಬ್ಬರನ್ನೂ ಮುಂದಕ್ಕೆ ಕರೆದು, ಸಭೆಯ ಹಿರಿಯರೆಲ್ಲ ಸುತ್ತ ನಿಂತು ಪ್ರಾರ್ಥಿಸಿದ್ದರು. ಚರ್ಚಿನಲ್ಲಿ ಬಾಯಿ ಬಿಡದ ಮನುಷ್ಯ ಅವತ್ತು ಬಿಟ್ಟಿದ್ದ. "ಆರು ಸಲಾನೂ ಇವಳ ಪಕ್ಕದ ಕುರ್ಚೀಲಿ ನಾನು ಇರ್ತೀನಿ. ದೇವರ ಮುಂದೆ ಹೇಳ್ತಾ ಇದ್ದೀನಿ," ಎಂದಿದ್ದ. ಅದರ ಹಿಂದೆ ಹಳೆಯದೊಂದು ಬಾಕಿಯೂ ಇತ್ತು. ಮಗಳು ಹುಟ್ಟಿದ ದಿನ ಅವನು ಭಟ್ಟಿಯ ಮುಂದೆ ಇದ್ದ. ಒಳಗೆ ಬ್ರೆಡ್ ಬೇಯುತ್ತಿತ್ತು, ಬಿಟ್ಟು ಹೋಗಲಿಲ್ಲ. ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು ಎರಡು ಗಂಟೆ ತಡವಾಗಿ ಹೋದವನನ್ನು ಕಂಡು ಸೂಲಗಿತ್ತಿ ಬೆಚ್ಚಿಬಿದ್ದಳೆಂದು ಹೆಂಡತಿ ಇಪ್ಪತ್ತೆರಡು ವರ್ಷದಿಂದ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಳು. ಅವನೂ ನಗುತ್ತಿದ್ದ. ಒಂದು ಸಲವೂ ಆ ಕಥೆ ಅವನಿಗೆ ಸೇರಿರಲಿಲ್ಲ.

ನಾಲ್ಕನೆಯ ಕೀಮೋಗೆ ಇನ್ನೂ ಎರಡು ವಾರವಿತ್ತು. ಅಷ್ಟರೊಳಗೆ ಮೈಯ ವಾಸನೆ ಹೋಗಲೇಬೇಕು.

"ಅದು ಚರ್ಮದಲ್ಲಿ ಇರಲ್ಲ," ಎಂದ ಅವನ ಗೆಳೆಯ ಕ್ಷೌರದಂಗಡಿಯವನು, ಇವನ ನೆತ್ತಿಯನ್ನು ಮೂಸಿ ನೋಡಿ. "ಕೂದಲಲ್ಲಿ ಇರುತ್ತೆ. ನಾನು ದಿನಾ ತಲೆ ಮೂಸೋನು, ನನಗೆ ಗೊತ್ತಿಲ್ವಾ?"

"ಹಾಗಾದ್ರೆ ತೆಗಿ."

"ಪೂರ್ತೀನಾ?"

"ಮೀಸೆನೂ ತೆಗಿ. ಬಾಯಿ ಮುಚ್ಕೊಂಡು ತೆಗಿ."

ಆ ಭಾನುವಾರ ಬೋಳು ತಲೆ, ಬೋಳು ಮೂತಿ ಹೊತ್ತು ಬೇಕರಿಯವನು ಚರ್ಚಿಗೆ ಹೋದ. ಕಂಡವರೆಲ್ಲ ಯಾಕೋ ಅವನ ಕೈ ಹಿಡಿದು ಅಮುಕಿದರು. ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು. ಪಾಸ್ಟರು ಪ್ರಸಂಗದ ನಡುವೆ ನಿಲ್ಲಿಸಿ, "ಪ್ರೀತಿ ಅಂದರೇನು ಅಂತ ನಾನು ಹೇಳಬೇಕಾಗಿಲ್ಲ. ಹೆಂಡತಿಯ ಕೂದಲು ಉದುರಿತು ಅಂತ ತನ್ನ ತಲೆಯನ್ನೂ ಬೋಳಿಸಿಕೊಂಡ ಈ ಸಹೋದರನನ್ನ ನೋಡಿ," ಎಂದರು.

ಸಹೋದರ ಎದ್ದು ನಿಂತ. "ಅದಕ್ಕಲ್ಲ ಪಾಸ್ಟರ್. ಬ್ರೆಡ್ ವಾಸನೆ ಹೋಗಲಿ ಅಂತ."

ಮಗಳು ಮನೆಗೆ ಓಡಿ ಬಂದು ಇದನ್ನು ಹೇಳಿದಾಗ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅವನನ್ನು ಹೊಸ್ತಿಲವರೆಗೆ ಕರೆಸಿ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮೀಸೆ ಇಲ್ದಿದ್ರೆ ಥೇಟ್ ನಿಮ್ಮ ಅಕ್ಕ."

"ವಾಸನೆ?"

"ಹಾಗೇ ಇದೆ ರೀ," ಎಂದಳು. ಈ ಸಲ ಅವಳ ದನಿ ಸಣ್ಣದಾಗಿತ್ತು.

ಸೋಮವಾರ ಬೆಳಗಿನ ಬ್ರೆಡ್ಡೆಲ್ಲ ಹೊರಗೆ ಬಂದ ಮೇಲೆ, ಉದ್ದ ಹಿಡಿಯ ಮರದ ಹಲಗೆಯನ್ನು ಗೋಡೆಗೆ ಒರಗಿಸಿ, ಬೇಕರಿಯವನು ಭಟ್ಟಿಯ ಮುಂದೆ ನಿಂತೇ ಪ್ರಾರ್ಥನೆ ಮಾಡಿದ. ಅವನ ಪ್ರಾರ್ಥನೆಯೂ ಅವನ ಮಾತಿನ ಹಾಗೆಯೇ ಇತ್ತು. "ಕರ್ತನೇ, ಆ ಕುರ್ಚೀಲಿ ನನ್ನ ಕೂರಿಸು. ಬೇರೇನೂ ಕೇಳಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಕೇಳ್ತೀನಿ. ಅವಳು ಬದುಕಬೇಕು ಅಂತ ಕೇಳ್ತಾನೇ ಇದ್ದೀನಿ. ಆದ್ರೆ ಅದು ನಿನ್ನ ಕೆಲಸ. ಕೂರೋದು ನನ್ನ ಕೆಲಸ, ಅದನ್ನ ಮಾಡೋಕೆ ಬಿಡು." ಆಮೆನ್ ಎನ್ನುವಷ್ಟರಲ್ಲಿ ಉತ್ತರ ಹೊಳೆದಂತಾಯಿತು. ಭಟ್ಟಿ ಉರಿಯುವವರೆಗೆ ವಾಸನೆ ಎಲ್ಲಿ ಹೋಗುತ್ತೆ? ಭಟ್ಟಿಯನ್ನೇ ಆರಿಸಿದರಾಯಿತು.

ಮನೆಯ ಅಂಗಳಕ್ಕೇ ಅಂಟಿಕೊಂಡಿದ್ದ ಆ ಭಟ್ಟಿ ಇಪ್ಪತ್ತಮೂರು ವರ್ಷದಲ್ಲಿ ಒಂದು ದಿನವೂ ತಣ್ಣಗಾದದ್ದಲ್ಲ. ಅಂಗಡಿಗೆ ರಜೆ ಇದ್ದ ದಿನವೂ ನಾಲ್ಕು ಕೊರಡು ಉರಿಸಿ, ಕೆಂಡಕ್ಕೆ ಬೂದಿ ಮುಚ್ಚಿ ಕಾವು ಉಳಿಸುತ್ತಿದ್ದರು. ಅಂಥದ್ದನ್ನು ಆರಿಸಬೇಕೆಂದರೆ ಬಾಯಿ ಮುಚ್ಚಿ, ಹೊಗೆಗೂಡು ಮುಚ್ಚಿ, ಒಂದು ವಾರ ತನ್ನಷ್ಟಕ್ಕೆ ಬಿಡಬೇಕು. ಒಂದು ವಾರ ಕಾಯುವ ತಾಳ್ಮೆ ಬೇಕರಿಯವನ ಏಳು ತಲೆಮಾರಿನಲ್ಲಿ ಯಾರಿಗೂ ಇರಲಿಲ್ಲ. ಕೆಂಡವನ್ನೆಲ್ಲ ಹೊರಗೆಳೆದು, ಬಾಯನ್ನೂ ಹೊಗೆಗೂಡನ್ನೂ ಹಾರುಹೊಡೆದು, ಮನೆಯ ಟೇಬಲ್ ಫ್ಯಾನನ್ನು ತಂದು ಮುಂದೆ ಇಟ್ಟ. ಅಂಗಡಿಯ ಬಾಗಿಲಿಗೆ ರಜೆಯೆಂದು ಚೀಟಿ ಅಂಟಿಸಿದ.

ಸಂಜೆ ಒಳಗಿನಿಂದ ಟಪ್ಪೆಂದು ಸದ್ದು ಬಂತು. ಟಾರ್ಚು ಹಾಕಿ ನೋಡಿದ. ಕಮಾನಿನ ಉದ್ದಕ್ಕೂ ಬಿರುಕು, ಬೆರಳು ತೂರುವಷ್ಟು. ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತು, "ಅಮ್ಮನಿಗೆ ಹೇಳಿದ್ರೆ ನೋಡು," ಎಂದು ಮಗಳಿಗೆ ಗದರಿಸಿದ. ಗದರಿಕೆಯಲ್ಲಿ ಜೀವವಿರಲಿಲ್ಲ.

ಬುಧವಾರ ಬೆಳಿಗ್ಗೆ ಹೆಂಡತಿ ತಾನಾಗಿಯೇ ಎದ್ದು, ಗೋಡೆ ಹಿಡಿದುಕೊಂಡು ಜಗುಲಿಯವರೆಗೆ ಬಂದಳು. ಬೇಕರಿಯವನು ಮೆಟ್ಟಿಲ ಮೇಲಿದ್ದ. ಅವಳನ್ನು ಕಂಡು ಎದ್ದು ಒಂದು ಹೆಜ್ಜೆ ಹತ್ತಿರ ಬಂದ. ಅವಳು ಮೂಗು ಮುಚ್ಚಿಕೊಳ್ಳಲಿಲ್ಲ. ಇನ್ನೊಂದು ಹೆಜ್ಜೆ ಬಂದ.

"ವಾಸನೆ ಕಡಿಮೆ ಆಗಿದೆ ಅಲ್ವಾ?" ಎಂದ. ಮುಖ ಅರಳಿತ್ತು.

"ಆಗಿದೆ," ಎಂದಳು ಅವಳು. "ಭಟ್ಟಿ ಯಾಕೆ ಆರಿದೆ?"

"ಸುಮ್ನೆ. ಸ್ವಲ್ಪ ರಿಪೇರಿ."

ಅವಳು ಇಟ್ಟಿಗೆ ಸುಡುವವನ ಮಗಳು. ಆ ಭಟ್ಟಿಗೆ ಮಣ್ಣು ತುಳಿದವಳು ಅವಳೇ, ಮಗಳು ಹೊಟ್ಟೆಯಲ್ಲಿದ್ದಾಗ, ಆರು ತಿಂಗಳಲ್ಲಿ. ಕಮಾನಿನ ಮೊದಲ ಇಟ್ಟಿಗೆ ಇಟ್ಟವಳೂ ಅವಳೇ. ಗಂಡನಿಗೆ ಗೊತ್ತಿದ್ದದ್ದು ಹಿಟ್ಟು, ಬೆಂಕಿಯ ವಿಷಯವನ್ನೆಲ್ಲ ಅವನಿಗೆ ಕಲಿಸಿದ್ದು ಅವಳು.

"ಬಾಯಿ ಮುಚ್ಚಿ ಆರಿಸಿದ್ರಿ ತಾನೆ?"

ಅವನು ಅಂಗಳದ ಕಡೆ ನೋಡಿದ.

"ಬಿರುಕು ಎಷ್ಟಗಲ?"

ಅವನು ತೋರುಬೆರಳನ್ನು ಎತ್ತಿ ತೋರಿಸಿದ. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ನಿನ್ನ ಪಕ್ಕ ಕೂರೋಕೆ ಕಣೇ," ಎಂದ ಅವನು, ದನಿಯೇರಿಸಿ. "ಮಾತು ಕೊಟ್ಟಿದ್ದೀನಿ. ದೇವರ ಮುಂದೆ."

"ಭಟ್ಟಿ ಒಡೀರಿ ಅಂತ ದೇವರು ಹೇಳಿದ್ನಾ? ಬೆಳಿಗ್ಗೆ ನಾಲ್ಕಕ್ಕೆ ನಿಮ್ಮ ತಟ್ಟೆಗಳ ಸದ್ದು ಕೇಳ್ತಾ ಮಲಗಿರ್ತಿದ್ದೆ ನಾನು. ಹೊಟ್ಟೆ ತೊಳಸ್ತಾ ಇದ್ರೂ ಕೇಳ್ತಿದ್ದೆ. ಅಂಗಡಿ ನಡೀತಾ ಇದೆ, ನಾನು ಎದ್ದ ಮೇಲೆ ನನಗೊಂದು ಕೆಲಸ ಇದೆ ಅಂತ. ನಿನ್ನೆಯಿಂದ ಸದ್ದಿಲ್ಲ." ಅವಳು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. "ಇವಳು ಉಳಿಯಲ್ಲ ಅಂತ ಡಾಕ್ಟರು ನಿಮ್ಮ ಕಿವೀಲಿ ಹೇಳಿರಬೇಕು ಅಂದ್ಕೊಂಡೆ."

ಬೇಕರಿಯವನು ಬೋಳು ತಲೆಯನ್ನು ಎರಡೂ ಕೈಯಿಂದ ಉಜ್ಜಿಕೊಂಡ.

"ಡಾಕ್ಟರು ಹಾಗೇನೂ ಹೇಳಿಲ್ಲ. ನಿನ್ನಾಣೆ."

"ಗೊತ್ತು ಬಿಡಿ. ನಿಮ್ಮ ಹೊಟ್ಟೇಲಿ ಒಂದು ಮಾತು ಅರ್ಧ ದಿನ ನಿಂತಿದ್ದುಂಟಾ? ಈಗ ಭಟ್ಟಿ ಹತ್ತಿಸಿ."

"ಹತ್ತಿಸಿದ್ರೆ ನಾನು ಮತ್ತೆ ಕಾರಿಡಾರಿನಲ್ಲಿ."

"ಕೂತ್ಕೊಳ್ಳಿ. ಗೋಡೆ ಆಚೆ ಇದ್ರೂ ಇದ್ದೀರಿ ಅಂತ ನನಗೆ ಗೊತ್ತಾಗುತ್ತೆ. ಅಷ್ಟು ಗಬ್ಬು ನಾತ."

ಶುಕ್ರವಾರ ರಿಪೇರಿಗೆ ಜನ ಸೇರಿದರು. ಚರ್ಚಿನ ಗಾಯನ ತಂಡದಲ್ಲಿ ದಪ್ಪ ದನಿಯಲ್ಲಿ ಹಾಡುವ ಗಾರೆ ಮೇಸ್ತ್ರಿ ಬಂದ. ಬಸ್ ಕಂಡಕ್ಟರಾಗಿದ್ದ ಬಾಮೈದ ರಜೆ ಹಾಕಿ ಬಂದ. "ಮಣ್ಣು ಮುಟ್ಟಬಾರದು ಅಂತ ಅಪ್ಪನ ಹತ್ರ ಜಗಳ ಆಡಿ ಕಂಡಕ್ಟರ್ ಆದೆ. ಭಾವ ಮತ್ತೆ ತುಳಿಸ್ತಾ ಇದ್ದಾರೆ," ಎಂದು ಗೊಣಗುತ್ತ ಪ್ಯಾಂಟು ಮಡಚಿಕೊಂಡು ಮಣ್ಣಿಗಿಳಿದ. ಹೆಂಡತಿ ಅಂಗಳದ ಆ ತುದಿಯಲ್ಲಿ, ಮುಖಕ್ಕೆ ಮಾಸ್ಕ್ ಹಾಕಿ, ಕಾಲಿಗೆ ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತಿದ್ದಳು. ಹತ್ತಿರ ಯಾರೂ ಹೋಗಬಾರದೆಂದು ಡಾಕ್ಟರ ಕಟ್ಟಪ್ಪಣೆ. ಆದರೆ ಅಲ್ಲಿಂದಲೇ ಆಳುತ್ತಿದ್ದಳು.

"ಮರಳು ಜಾಸ್ತಿ ಆಯ್ತು. ಇಟ್ಟಿಗೆ ಪುಡಿ ಜರಡಿ ಹಿಡಿದು ಹಾಕು. ಕಲ್ಲು ಹಾಗೇ ಬಿಟ್ರೆ ಬೆಂಕಿಗೆ ಸಿಡಿಯುತ್ತೆ. ಏ, ಇದೇನು ಡ್ಯಾನ್ಸ್ ಮಾಡ್ತಿದ್ದೀಯಾ? ಹಿಮ್ಮಡಿ ಊರಿ ತುಳಿ."

"ಅಕ್ಕ, ನಿನಗೆ ಹುಷಾರಿಲ್ಲ ಅಂತ ಯಾರು ಹೇಳಿದ್ದು?"

ಮಣ್ಣು ಹದವಾಯಿತು. ಆದರೆ ಮೇಸ್ತ್ರಿಯ ಹೊಟ್ಟೆ ಭಟ್ಟಿಯ ಬಾಯಲ್ಲಿ ತೂರಲಿಲ್ಲ. ಕಂಡಕ್ಟರನ ಭುಜ ಸಿಕ್ಕಿಕೊಂಡಿತು. ಬೇಕರಿಯವನು ತಲೆ ಹಾಕಿ, ಸೊಂಟದವರೆಗೆ ಹೋಗಿ, ಬೈದುಕೊಂಡು ಹೊರಬಂದ. ಹೇಗಿದ್ದಾರೋ ನೋಡಿ ಹೋಗೋಣವೆಂದು ಅದೇ ಹೊತ್ತಿಗೆ ಪಾಸ್ಟರು ಸೈಕಲ್ಲಿನಿಂದ ಇಳಿದರು. ಒಣಗಿದ ಕಡ್ಡಿಯಂಥ ಮನುಷ್ಯ. ಮೂವರೂ ಅವರನ್ನು ಮೇಲಿನಿಂದ ಕೆಳಗಿನವರೆಗೆ ಅಳತೆ ತೆಗೆಯುವ ಹಾಗೆ ನೋಡಿದರು.

"ಬೆಂಕಿಯೊಳಗೆ ಹೋಗಿ ಸುಡದೆ ಬಂದವರ ಬೈಬಲ್ ಕಥೆ ಎಷ್ಟೋ ಸಲ ಹೇಳಿದ್ದೀನಿ," ಎಂದರು ಪಾಸ್ಟರು ಅಂಗಿ ಬಿಚ್ಚುತ್ತ. "ನನ್ನನ್ನೇ ಕಳಿಸ್ತೀರಿ ಅಂತ ಗೊತ್ತಿರಲಿಲ್ಲ."

"ಈಗ ತಣ್ಣಗಿದೆ ಪಾಸ್ಟರ್," ಎಂದ ಬೇಕರಿಯವನು. "ಹೋಗಿ, ಹೋಗಿ."

ಪಾಸ್ಟರು ಒಳಗೆ ಅಂಗಾತ ಮಲಗಿ, ಹೊರಗಿನಿಂದ ಕೊಟ್ಟ ಮಣ್ಣಿನ ಮುದ್ದೆಗಳನ್ನು ಬಿರುಕಿಗೆ ಒತ್ತುತ್ತ ಹೋದರು. ಒಂಟಿಯಾಗಿ ಕೆಲಸ ಮಾಡುವವರ ಅಭ್ಯಾಸದಂತೆ ಅವರ ಬಾಯಿಂದ ಒಂದು ಕೀರ್ತನೆ ಬಂತು. ಕಮಾನಿನೊಳಗೆ ಆ ಸಣ್ಣ ದನಿ ದೊಡ್ಡದಾಗಿ, ಭಟ್ಟಿಯ ಬಾಯಿಂದ ಹೊರಬಿತ್ತು. ಮೇಸ್ತ್ರಿ ಹೊರಗಿನಿಂದ ತನ್ನ ದಪ್ಪ ದನಿ ಸೇರಿಸಿದ. ಎರಡನೆಯ ಚರಣಕ್ಕೆ ಅಂಗಳದ ಆ ತುದಿಯಿಂದ ಮಾಸ್ಕಿನೊಳಗಿನ ದನಿಯೊಂದು ಸೇರಿತು. ಎರಡನೆಯ ಕೀಮೋ ಆದಾಗಿನಿಂದ ಅವಳು ಹಾಡಿರಲಿಲ್ಲ. ಬೇಕರಿಯವನು ಮಣ್ಣಿನ ಬುಟ್ಟಿಗೆ ಬಗ್ಗಿ ತುಂಬ ಹೊತ್ತು ಏನನ್ನೋ ಹುಡುಕುವವನಂತೆ ಕೆದಕಿದ.

ಪಾಸ್ಟರು ಹೊರಗೆ ಬಂದಾಗ ಬಿಳಿಯಾಗಿ ಉಳಿದಿದ್ದದ್ದು ಹಲ್ಲು ಮಾತ್ರ.

ಹಸಿ ಮಣ್ಣಿಗೆ ಒಮ್ಮೆಲೇ ಬೆಂಕಿ ಕೊಡುವಂತಿಲ್ಲ. ಎರಡು ದಿನ ಗಾಳಿಗೆ ಬಿಟ್ಟು, ಸೋಮವಾರ ಒಂದು ಹಿಡಿ ಪುರಲೆ ಕಡ್ಡಿ, ಮಂಗಳವಾರ ಎರಡು ಸೀಳು ಸೌದೆ, ಬುಧವಾರ ನಾಲ್ಕು ಎಂದು ಹೆಂಡತಿ ಗೊತ್ತುಮಾಡಿದಳು. ಗುರುವಾರವೇ ಕೀಮೋ. ಅವತ್ತು ಬೆಳಗಿನಿಂದ ಸಂಜೆಯವರೆಗೆ ಅರ್ಧ ಗಂಟೆಗೊಮ್ಮೆ ಬೆಂಕಿ ನೋಡುತ್ತಿರಬೇಕು. ಬೇಕರಿಯವನು ಲೆಕ್ಕ ಹಾಕಿ ನೋಡಿದ, ಬೇರೆ ದಾರಿ ಕಾಣಲಿಲ್ಲ. "ಗುರುವಾರ ನಾನು ಇಲ್ಲೇ ಇರ್ತೀನಿ," ಎಂದ ಬಾಮೈದನಿಗೆ, ಮುಖ ತಿರುಗಿಸಿಕೊಂಡು. "ನೀನೇ ಕೂತ್ಕೋ ಅವಳ ಪಕ್ಕ."

ಬುಧವಾರ ಮಧ್ಯಾಹ್ನ ಭಟ್ಟಿಯ ಇಟ್ಟಿಗೆ ಬೆಚ್ಚಗಾಗಿ, ಇಪ್ಪತ್ತಮೂರು ವರ್ಷದ ಬ್ರೆಡ್ಡಿನ ವಾಸನೆ ಅಂಗಳಕ್ಕೆ ಬಂತು. ಬೇಕರಿಯವನು ಥಟ್ಟನೆ ತಿರುಗಿ ನೋಡಿದ. ಹೆಂಡತಿ ಕುರ್ಚಿಯಲ್ಲಿಯೇ ಇದ್ದಳು, ಎಂಟು ಅಡಿ ದೂರದಲ್ಲಿ.

"ಒಳಗೆ ಹೋಗು ಕಣೇ."

"ಯಾಕೆ?"

"ವಾಸನೆ ಬರ್ತಾ ಇಲ್ವಾ?"

"ಇಲ್ಲವಲ್ಲ," ಎಂದಳು, ತನಗೇ ಆಶ್ಚರ್ಯವಾಗಿ.

ಮರುದಿನ ಆಸ್ಪತ್ರೆಗೆ ಕರೆದೊಯ್ಯಲು ಬಂದಿದ್ದ ಕಂಡಕ್ಟರ್ ಹೊಗೆಗೂಡನ್ನು ನೋಡಿದ. ಹೊಗೆ ಅಕ್ಕನಿಂದ ಆಚೆಗೆ, ಬೇಲಿಯ ಕಡೆಗೆ ವಾಲಿತ್ತು. ಅವನ ಕಣ್ಣು ಸಣ್ಣದಾಯಿತು. "ಭಾವ, ಅವಳ ಆ ಕಡೆ ಹೋಗಿ ನಿಂತ್ಕೊಳ್ಳಿ, ನೋಡೋಣ."

ಬೇಕರಿಯವನು ಸುತ್ತು ಬಳಸಿ ಅವಳ ಬೆನ್ನ ಹಿಂದೆ ಹೋಗಿ ನಿಂತ. ಅವಳು ಮಾಸ್ಕಿನ ಮೇಲೆ ಕೈ ಒತ್ತಿಕೊಂಡು, "ಥೂ, ಹೋಗ್ರೀ," ಎಂದಳು. ಅವನು ಮತ್ತೆ ಈ ಕಡೆ ಓಡಿಬಂದ. ಅವಳು ಕೈ ತೆಗೆದಳು.

ಕಂಡಕ್ಟರ್ ತೊಡೆ ತಟ್ಟಿಕೊಂಡು ನಗತೊಡಗಿದ. "ನನ್ನ ತಲೆಗಿಷ್ಟು. ಬಸ್ಸಲ್ಲಿ ಮೀನಿನ ಬುಟ್ಟಿ ಬಂದ್ರೆ ನಾವೇನು ಇಳಿಸ್ತೀವಾ? ಹಿಂದಿನ ಸೀಟಿಗೆ ಹಾಕ್ತೀವಿ. ಗಾಳಿ ಮುಂದಿನಿಂದ ಹಿಂದಕ್ಕೆ ಹೋಗುತ್ತೆ, ಯಾರಿಗೂ ತಂಟೆ ಇಲ್ಲ. ಭಾವ, ನಿಮ್ಮನ್ನ ಮೀನಿನ ಬುಟ್ಟಿ ಹಾಗೆ ಕೂರಿಸಬೇಕಾಗಿತ್ತು."

"ಬಾಯಿ ಮುಚ್ಚು," ಎಂದ ಬೇಕರಿಯವನು. ಆಮೇಲೆ, "ಆಸ್ಪತ್ರೇಲಿ ಫ್ಯಾನ್ ಇಡೋಕೆ ಬಿಡ್ತಾರಾ?" ಎಂದ. ಆಮೇಲೆ ಭಟ್ಟಿಯ ಕಡೆ ತಿರುಗಿ ನೋಡಿದ.

"ಬೆಂಕಿ ನಾನು ನೋಡ್ಕೊಳ್ತೀನಿ," ಎಂದಳು ಮಗಳು.

ಬೆಂಕಿಯನ್ನು ಅವನು ಯಾರ ಕೈಗೂ ಕೊಟ್ಟವನಲ್ಲ. "ನಿನಗೇನು ಗೊತ್ತು ಅದರದ್ದು?"

"ಅಪ್ಪ, ನೀವು ಮಧ್ಯಾಹ್ನ ಗೊರಕೆ ಹೊಡೆಯೋವಾಗ ಆರು ವರ್ಷದಿಂದ ಯಾರು ನೋಡ್ಕೊಳ್ತಾ ಇದ್ದಾರೆ ಅಂದ್ಕೊಂಡ್ರಿ? ಅಮ್ಮ ಎಲ್ಲಾ ಕಲಿಸಿದ್ದಾಳೆ."

ಅವನು ಹೆಂಡತಿಯ ಮುಖ ನೋಡಿದ. ಅವಳು ಕಂಬಳಿಯ ಅಂಚಿನಲ್ಲಿ ಏನೋ ದಾರ ಕೀಳುತ್ತಿದ್ದಳು. ಬೆಂಕಿ ಕೆದಕುವ ಕಬ್ಬಿಣದ ಸರಳನ್ನು ಅವನು ಮಗಳ ಕೈಗೆ ಕೊಟ್ಟ. ಕೊಟ್ಟ ಮೇಲೂ ಒಂದು ಗಳಿಗೆ ಹಿಡಿದುಕೊಂಡೇ ಇದ್ದ. ಮಗಳು ಎಳೆದುಕೊಂಡಳು.

ಗುರುವಾರ ಕೀಮೋ ವಾರ್ಡಿನಲ್ಲಿ ಕಂಡಕ್ಟರ್ ಮೀನಿನ ಬುಟ್ಟಿಯ ವಿಷಯವನ್ನು ನರ್ಸಿಗೆ ಮೊದಲಿನಿಂದ ವಿವರಿಸಿದ. ಅವಳು ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಕೇಳಿದಳು.

"ಐದು ನಿಮಿಷ ನೋಡ್ತೀನಿ. ನನ್ನ ಏಪ್ರನ್ ಹೊಸದು."

ಮೂಲೆಯಲ್ಲಿದ್ದ ಉದ್ದ ಕಾಲಿನ ಫ್ಯಾನನ್ನು ಎಳೆದು ತಂದು ಹಾಸಿಗೆಯ ತಲೆಗಡೆ ನಿಲ್ಲಿಸಿದರು. ಪಕ್ಕದ ಕುರ್ಚಿಯನ್ನು ಕಾಲ ಬುಡಕ್ಕೆ ಎಳೆದರು. ಗಾಳಿ ಹೆಂಡತಿಯ ತಲೆಯ ಮೇಲಿನಿಂದ ಹಾದು ಬೇಕರಿಯವನ ಮುಖಕ್ಕೆ ನೇರವಾಗಿ ಹೊಡೆಯಿತು. ಅವನು ಕಣ್ಣು ಕಿರಿದು ಮಾಡಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟು, ಪರೀಕ್ಷೆಗೆ ಕೂತವನಂತೆ ಕೂತ. ಅವಳು ಮೂಗೆಳೆದು ನೋಡಿದಳು. ಇನ್ನೊಮ್ಮೆ ಎಳೆದಳು. ನರ್ಸಿಗೆ ತಲೆಯಾಡಿಸಿ ಕೈ ಚಾಚಿದಳು. ಸೂಜಿ ಇಳಿಯಿತು.

"ಪಕ್ಕದ ಕುರ್ಚಿ ಅಂದಿದ್ದೆ ನಾನು," ಎಂದ ಅವನು ಸ್ವಲ್ಪ ಹೊತ್ತಾದ ಮೇಲೆ. "ಇದು ಕಾಲ ಬುಡ."

"ದೇವರು ಟೇಪ್ ಹಿಡ್ಕೊಂಡು ಬರಲ್ಲ. ಸುಮ್ನೆ ಕೂತ್ಕೊಳ್ಳಿ." ಅವಳು ಕಾಲು ನೀಡಿ, ಹೊದಿಕೆಯಿಂದ ಪಾದ ಹೊರಗೆ ಹಾಕಿದಳು. "ಬೆರಳೆಲ್ಲ ಜೋಮು ಹಿಡಿದ ಹಾಗಿದೆ ರೀ. ಇದೆಯೋ ಇಲ್ವೋ ಗೊತ್ತಾಗಲ್ಲ."

ಅವನು ಪಾದವನ್ನು ಮಡಿಲಿಗೆ ತೆಗೆದುಕೊಂಡ. ತಣ್ಣಗಿತ್ತು. ಒಂದು ಬೆರಳನ್ನು ಚಿವುಟಿದ. "ಕಣ್ಣು ಮುಚ್ಚು. ಇದು ಯಾವುದು?"

"ಹೆಬ್ಬೆರಳು."

"ತಪ್ಪು."

"ಸರಿ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ತಪ್ಪಂದ್ರೆ ತಪ್ಪು. ಇದು?"

ಅವಳು ಯೋಚಿಸಿದಳು. "ಕಿರುಬೆರಳು."

"ಸರಿ."

"ನಿಜವಾಗ್ಲೂ?"

"ನಿಜ ಕಣೇ."

ಅವಳು ಕಣ್ಣು ಮುಚ್ಚಿಕೊಂಡೇ ಗೆದ್ದವಳ ಹಾಗೆ ನಕ್ಕಳು. ಅವನು ನಡುಬೆರಳನ್ನು ಹೆಬ್ಬೆಟ್ಟು ಮತ್ತು ತೋರುಬೆರಳಿನ ನಡುವೆ ಹಿಡಿದ. "ಇದು?"

ಉತ್ತರ ಬರಲಿಲ್ಲ. ಅವಳ ಬಾಯಿ ಚೂರು ತೆರೆದಿತ್ತು, ಉಸಿರು ಸಮವಾಗಿತ್ತು. ಬಾಟಲಿಯಿಂದ ಹನಿಗಳು ಒಂದರ ಹಿಂದೊಂದು ಇಳಿಯುತ್ತಿದ್ದವು. ಗಾಳಿಗೆ ಅವನ ಕಣ್ಣಿನಲ್ಲಿ ನೀರೂರಿ ಕಿವಿಯ ಕಡೆಗೆ ಹರಿಯಿತು. ಒರೆಸಿಕೊಳ್ಳಲು ಅವನು ಕೈ ಎತ್ತಲಿಲ್ಲ. ಆ ಬೆರಳನ್ನು ಹಾಗೆಯೇ ಹಿಡಿದುಕೊಂಡು, ಉತ್ತರಕ್ಕೆ ಕಾಯುತ್ತ ಕೂತ.